ಟೈಮಿಂಗ್ ಚೈನೂ ಟ್ರ್ಯಾಕ್ಟರ್ ಮೀಟರೂ

ನಮ್ಮ ಕೋಲಾರದ ಕಡೆ ಯಾವ ಹಳ್ಳಿಗಾದ್ರೂ ಹೋಗಿ, ಟ್ರ್ಯಾಕ್ಟರ್ ಇಟ್ಟಿರೋರನ್ನ ‘ಗಾಡಿ ಎಷ್ಟು ಓಡಿದೆ’ ಅಂತ ಕೇಳಿ. ಯಾರೂ ಕಿಲೋಮೀಟರ್ ಹೇಳಲ್ಲ. ‘ಮೂರು ಸಾವಿರ ಗಂಟೆ ಆಗೈತೆ’ ಅಂತಾರೆ. ಟ್ರ್ಯಾಕ್ಟರ್‌ನಲ್ಲಿ ಇರೋದು ಗಂಟೆ ಮೀಟರ್. ಎಂಜಿನ್ ಆಯಿಲ್ ಬದಲಿಸೋದೂ ಗಂಟೆ ಲೆಕ್ಕದಲ್ಲೇ. ಜೆಸಿಬಿಗೂ ಅದೇ ಲೆಕ್ಕ. ಅದೇ ಮನೆ ಮುಂದೆ ನಿಂತಿರೋ ಕಾರಿಗೆ ಮಾತ್ರ ಕಿಲೋಮೀಟರ್ ಲೆಕ್ಕ. ಹತ್ತು ಸಾವಿರ ಆಯ್ತಾ, ಸರ್ವಿಸ್ ಮಾಡಿಸು. ಆಗಿಲ್ವಾ, ಓಡಿಸ್ತಾ ಇರು.

ಕಾರಿನ ಎಂಜಿನ್ ಒಳಗೆ ಇರೋ ಒಂದು ಉಕ್ಕಿನ ಸರಪಳಿಗೆ ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದೇ ಟೈಮಿಂಗ್ ಚೈನ್. ಈ ಸಲದ ಅಂಕಣ ಅದರ ಮೇಲೆ. ಟರ್ಬೊ ಕಾರು ಇಟ್ಟಿರೋರು, ತಗೊಳ್ಳೋಣ ಅಂತ ಇರೋರು, ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಹುಡುಕ್ತಿರೋರು ಪೂರ್ತಿ ಓದಿ.

ಮೊದಲು ಗಾಡಿ ಯಾರದು ಅಂತ ಹೇಳ್ತೀನಿ. ನಮ್ಮ ದೊಡ್ಡಪ್ಪನ ಮಗ ಹೋಳೂರಲ್ಲೇ ಇದ್ದಾನೆ. ಅವನ ಹತ್ರ 1.3 ಲೀಟರ್ ಟರ್ಬೊ ಡೀಸೆಲ್ ಕಾರಿದೆ, ಹಳದಿ ಬೋರ್ಡ್. 1 ಲಕ್ಷದ 10 ಸಾವಿರ ಕಿ.ಮೀ. ಓಡಿದ್ದಾಗ ತಗೊಂಡಿದ್ದು, ಈಗ 1 ಲಕ್ಷದ 94 ಸಾವಿರ. ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟ್ ಟ್ರಿಪ್ ಹೊಡೀತಾನೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಬರೋ ವ್ಯಾಪಾರಿಗಳನ್ನ ಸುತ್ತಾಡಿಸ್ತಾನೆ. ಮನೆ ನಡೆಯೋದು, ಇಬ್ಬರು ಮಕ್ಕಳ ಫೀಸು ಹೋಗೋದು, ಎಲ್ಲ ಆ ಒಂದು ಎಂಜಿನ್ ಮೇಲೆ.

ಒಂದು ದಿನ ಅವನಿಂದ ವಾಟ್ಸಾಪ್ ವಾಯ್ಸ್ ಮೆಸೇಜ್ ಬಂತು. ‘ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕರಕರ ಅಂತೈತೆ ಕಣೋ. ಎರಡು ಸೆಕೆಂಡ್ ಅಷ್ಟೇ. ಆಮೇಲೆ ಸುಮ್ನಾಗ್ತದೆ. ಪಿಕಪ್ ಚೆನ್ನಾಗೈತೆ, ಮೈಲೇಜ್ ಚೆನ್ನಾಗೈತೆ. ಇದೇನು ನೋಡು’. ಜೊತೆಗೆ ಆ ಶಬ್ದದ ರೆಕಾರ್ಡಿಂಗ್ ಬೇರೆ.

ಈ ಎರಡು ಸೆಕೆಂಡಿನ ಶಬ್ದ ಏನು ಅಂತ ಗೊತ್ತಾಗಬೇಕಾದ್ರೆ ಚೈನ್ ಏನು ಮಾಡುತ್ತೆ ಅಂತ ತಿಳ್ಕೋಬೇಕು. ಎಂಜಿನ್ ಕೆಳಗಡೆ ಕ್ರ್ಯಾಂಕ್ ಶಾಫ್ಟ್ ಇರುತ್ತೆ. ಪಿಸ್ಟನ್ ಮೇಲೆ ಕೆಳಗೆ ಹೋಗೋದನ್ನ ಅದು ತಿರುಗೋದಾಗಿ ಮಾಡುತ್ತೆ. ಮೇಲ್ಗಡೆ ಕ್ಯಾಮ್ ಶಾಫ್ಟ್. ವಾಲ್ವ್ ತೆಗೆಯೋದು, ಮುಚ್ಚೋದು ಅದರ ಕೆಲಸ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಇಬ್ಬರನ್ನೂ ಒಂದೇ ತಾಳಕ್ಕೆ ಕಟ್ಟಿ ಹಾಕೋದು ಟೈಮಿಂಗ್ ಚೈನ್.

ಕೋಲಾಟ ನೋಡಿದೀರಲ್ಲ? ಒಬ್ಬ ಕೋಲು ಎತ್ತಿದಾಗ ಇನ್ನೊಬ್ಬ ಇಳಿಸಬೇಕು. ತಾಳ ಸ್ವಲ್ಪ ತಪ್ಪಿದ್ರೆ ಕೋಲು ಬೀಳೋದು ಬೆರಳ ಮೇಲೆ. ಡೀಸೆಲ್ ಎಂಜಿನ್ ಒಳಗೂ ಇದೇ ಕಥೆ. ವಾಲ್ವ್ ಕೆಳಗೆ ಇಳಿಯೋ ಜಾಗಕ್ಕೇ ಪಿಸ್ಟನ್ ಮೇಲೆ ಬರುತ್ತೆ, ಬೇರೆ ಬೇರೆ ಹೊತ್ತಲ್ಲಿ. ಚೈನ್ ಹಲ್ಲು ಹಾರಿದರೆ, ಇಲ್ಲಾ ಕಡಿದು ಹೋದರೆ, ಎರಡೂ ಒಂದೇ ಹೊತ್ತಿಗೆ ಅಲ್ಲಿ ಬಂದು ಡಿಕ್ಕಿ ಹೊಡೀತವೆ. ವಾಲ್ವ್ ಬಾಗುತ್ತೆ, ಪಿಸ್ಟನ್ ಪೆಟ್ಟು ತಿನ್ನುತ್ತೆ, ಕೆಲವು ಸಲ ಹೆಡ್ಡೇ ಹೋಗುತ್ತೆ. ಇದಾಗೋಕೆ ಒಂದು ಸೆಕೆಂಡ್ ಕೂಡ ಬೇಡ.

‘ಉಕ್ಕಿನ ಚೈನ್ ಅಲ್ವಾ, ಹೇಗೆ ಸವೆಯುತ್ತೆ?’ ಅಂತ ಕೇಳಬಹುದು. ಚೈನ್ ‘ಎಳೆದುಕೊಂಡಿದೆ’ ಅಂತ ಮೆಕ್ಯಾನಿಕ್‌ಗಳು ಹೇಳ್ತಾರೆ. ನಿಜವಾಗಿ ಉಕ್ಕು ರಬ್ಬರ್ ಥರ ಹಿಗ್ಗಲ್ಲ. ಒಂದೊಂದು ಕೊಂಡಿ ಸೇರೋ ಕಡೆ ಇರೋ ಸಣ್ಣ ಪಿನ್ ಮತ್ತು ಅದರ ತೂತು ಉಜ್ಜಿ ಉಜ್ಜಿ ಸವೆಯುತ್ತವೆ. ಲೆಕ್ಕ ಹಾಕಿ: ನೂರು ಕೊಂಡಿ ಇದೆ ಅಂತ ಇಟ್ಕೊಳ್ಳಿ. ಒಂದೊಂದರಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಸವೆದರೆ, ಒಟ್ಟು ಚೈನ್ 2 ಮಿಲಿಮೀಟರ್ ಉದ್ದ ಆಗುತ್ತೆ. ಬೈಕ್ ಚೈನ್ ಸಡಿಲ ಆಗೋದೂ ಹೀಗೇ. ಬೈಕಲ್ಲಾದ್ರೆ ಹಿಂದಿನ ಚಕ್ರ ಸ್ವಲ್ಪ ಹಿಂದಕ್ಕೆ ಎಳೆದು ಟೈಟ್ ಮಾಡ್ತೀವಿ. ಎಂಜಿನ್ ಒಳಗೆ ಆ ಕೆಲಸ ಮಾಡೋದು ಟೆನ್ಶನರ್.

ಈ ಟೆನ್ಶನರ್ ನಡೆಯೋದು ಆಯಿಲ್ ಒತ್ತಡದಿಂದ. ಎಂಜಿನ್ ಓಡ್ತಿರೋವಾಗ ಆಯಿಲ್ ಅದರ ಪಿಸ್ಟನ್ನನ್ನ ಹೊರಗೆ ತಳ್ಳುತ್ತೆ, ಅದು ಗೈಡ್ ಅನ್ನೋ ಪ್ಲಾಸ್ಟಿಕ್ ಮುಖದ ಪಟ್ಟಿಯನ್ನ ಚೈನಿಗೆ ಒತ್ತುತ್ತೆ. ರಾತ್ರಿಯೆಲ್ಲ ಗಾಡಿ ನಿಂತಿದ್ದರೆ ಆಯಿಲ್ ಕೆಳಗೆ ಇಳಿದಿರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡ್ ಒತ್ತಡ ಇರಲ್ಲ. ಚೈನ್ ಸವೆದು ಉದ್ದ ಆಗಿದ್ದರೆ ಆ ಹೊತ್ತಲ್ಲಿ ಗೈಡಿಗೆ, ಕವರ್‌ಗೆ ಬಡಿಯುತ್ತೆ. ಅದೇ ಕರಕರ. ಒತ್ತಡ ಬಂದ ತಕ್ಷಣ ಸುಮ್ಮನಾಗುತ್ತೆ. ಮಧ್ಯಾಹ್ನ ಬಿಸಿ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಏನೂ ಕೇಳಿಸಲ್ಲ.

ಭಾನುವಾರ ಊರಿಗೆ ಹೋದಾಗ ನನ್ನ ಬ್ಲೂಟೂತ್ ಒಬಿಡಿ ಡಾಂಗಲ್ ಹಾಕಿ ಫೋನಲ್ಲಿ ನೋಡಿದೆ. ಕ್ರ್ಯಾಂಕ್ ಮತ್ತು ಕ್ಯಾಮ್ ನಡುವೆ ತಾಳ ತಪ್ಪಿದರೆ ಸಾಮಾನ್ಯವಾಗಿ ಪಿ0016 ಅನ್ನೋ ಕೋಡ್ ಬರುತ್ತೆ. ಬಂದಿರಲಿಲ್ಲ. ಅಣ್ಣನ ಮುಖದಲ್ಲಿ ಖುಷಿ. ‘ಕಂಪ್ಯೂಟರ್ರೇ ಏನೂ ಇಲ್ಲ ಅಂತೈತಲ್ಲ’ ಅಂದ. ನಮ್ಮ ಆಫೀಸಲ್ಲಿ ಸರ್ವರ್ ನೋಡ್ಕೊಳ್ಳೋರಿಗೆ ಇದು ಗೊತ್ತಿರೋ ವಿಷಯ: ಅಲರ್ಟ್ ಬಂದಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂತಲ್ಲ, ಯಾರೋ ಇಟ್ಟಿರೋ ಮಿತಿ ಇನ್ನೂ ದಾಟಿಲ್ಲ ಅಂತ. ಕೋಡ್ ಬರೋ ಹೊತ್ತಿಗೆ ಚೈನ್ ತುಂಬಾ ದೂರ ಹೋಗಿರುತ್ತೆ.

ಹಾಗಂತ ಬೆಳಗಿನ ಎಲ್ಲ ಶಬ್ದವೂ ಚೈನಿಂದು ಅಂತಲೂ ಅಲ್ಲ. ಇಂಜೆಕ್ಟರ್, ಹೊರಗಿನ ಬೆಲ್ಟ್‌ನ ಪುಲ್ಲಿ, ಆಲ್ಟರ್ನೇಟರ್ ಬೇರಿಂಗ್, ಯಾವುದು ಬೇಕಾದ್ರೂ ಆಗಬಹುದು. ಕೋಲಾರದಲ್ಲಿ ಅಣ್ಣ ಗಾಡಿ ಬಿಡೋ ಮೆಕ್ಯಾನಿಕ್ ಭಾಯ್ ರಾತ್ರಿ ಗಾಡಿ ಅಲ್ಲೇ ನಿಲ್ಲಿಸಿಕೊಂಡ್ರು. ಬೆಳಿಗ್ಗೆ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು, ತುದಿ ಟೈಮಿಂಗ್ ಕವರ್ ಮೇಲೆ, ಹಿಡಿ ಕಿವಿಗೆ. ಇನ್ನೊಬ್ಬ ಹುಡುಗ ಸ್ಟಾರ್ಟ್ ಮಾಡಿದ. ‘ಚೈನೇ ಅಣ್ಣ. ಬಿಚ್ಚಿ ನೋಡಬೇಕು’ ಅಂದ್ರು.

ಇಲ್ಲಿ ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. 1248 ಸಿಸಿಯ ಈ ಡೀಸೆಲ್ ಎಂಜಿನ್ ಫಿಯಟ್ ಕಂಪನಿಯ ಮಲ್ಟಿಜೆಟ್. 2003ರಲ್ಲಿ ಯುರೋಪಿಗೆ ಬಂತು. 2007ರಲ್ಲಿ ಸ್ವಿಫ್ಟ್ ಡೀಸೆಲ್ ಮೂಲಕ ನಮ್ಮ ದೇಶದಲ್ಲಿ ಮನೆಮಾತಾಯ್ತು. ಸ್ವಿಫ್ಟ್, ಡಿಜೈರ್, ಎರ್ಟಿಗಾ, ಬ್ರೆಝಾ, ಟಾಟಾದ ವಿಸ್ಟಾ, ಮಾಂಜಾ, ಫಿಯಟ್‌ನ ಪುಂಟೊ, ಲಿನಿಯಾ, ಎಲ್ಲದರಲ್ಲೂ ಇದೇ ಎಂಜಿನ್. ಅದಕ್ಕೇ ಗಾಡಿ ಪ್ರೇಮಿಗಳು ‘ರಾಷ್ಟ್ರೀಯ ಎಂಜಿನ್’ ಅಂತ ತಮಾಷೆ ಮಾಡ್ತಿದ್ರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಅಂದ್ರೆ ಇವತ್ತು ಓಡ್ತಿರೋ ಮಾರುತಿ ಡೀಸೆಲ್ ಎಲ್ಲವೂ ಹಳೇ ಗಾಡಿಗಳೇ. ಎರಡನೇ, ಮೂರನೇ ಮಾಲೀಕರ ಕೈಯಲ್ಲಿ, ಹಳ್ಳಿಗಳಲ್ಲಿ, ಟ್ಯಾಕ್ಸಿಗಳಲ್ಲಿ ದುಡೀತಿವೆ. ಗಟ್ಟಿ ಎಂಜಿನ್ ಅನ್ನೋದರಲ್ಲಿ ಅನುಮಾನ ಇಲ್ಲ.

ಹಾಗಾದ್ರೆ ಅಣ್ಣನ ಗಾಡಿಯಲ್ಲಿ ಚೈನ್ ಯಾಕೆ ಸವೆಯಿತು? ಅವನು ಆಯಿಲ್ ವಿಷಯದಲ್ಲಿ ಶಿಸ್ತಿನ ಮನುಷ್ಯ. ಪ್ರತಿ ಹತ್ತು ಸಾವಿರಕ್ಕೆ ತಪ್ಪದೆ ಬದಲಿಸಿದಾನೆ, ಬಿಲ್ಲುಗಳನ್ನ ದೇವರ ಫೋಟೊ ಹಿಂದೆ ಇಟ್ಟಿದಾನೆ. ಆ ಬಿಲ್ಲುಗಳನ್ನ ಹರಡಿಕೊಂಡು ಕೂತು ಲೆಕ್ಕ ಹಾಕಿದಾಗ ವಿಷಯ ಗೊತ್ತಾಯ್ತು.

ಅವನು ದಿನಕ್ಕೆ ಓಡೋದು ಸುಮಾರು 110 ಕಿ.ಮೀ. ಅದಕ್ಕೆ ಮೂರು ಗಂಟೆ. ಆದರೆ ಶಿಫ್ಟ್ ಬಿಡೋವರೆಗೆ ಗೇಟ್ ಹತ್ರ ಕಾಯೋದು, ಹತ್ತಿಸಿಕೊಂಡವರಿಗೆ ಸೆಕೆ ಅಂತ ಎಸಿ ಹಾಕಿ ನಿಲ್ಲಿಸೋದು, ಟೋಲ್, ಜಾಮ್, ಎಲ್ಲ ಸೇರಿ ಇನ್ನೂ ಎರಡೂವರೆ ಗಂಟೆ ಎಂಜಿನ್ ಆನ್ ಇರುತ್ತೆ. ಆಗ ಮೀಟರ್ ಒಂದು ಕಿ.ಮೀ. ಕೂಡ ಮುಂದೆ ಹೋಗಲ್ಲ. ಹತ್ತು ಸಾವಿರ ಕಿ.ಮೀ. ಆಗೋಕೆ ಅವನಿಗೆ ಸುಮಾರು 91 ದಿನ. ದಿನಕ್ಕೆ ಐದೂವರೆ ಗಂಟೆ ಅಂದ್ರೆ ಎಂಜಿನ್ ಓಡಿದ್ದು 500 ಗಂಟೆ. ಅದೇ ಹತ್ತು ಸಾವಿರವನ್ನ ಹೆದ್ದಾರಿಯಲ್ಲಿ ಗಂಟೆಗೆ 50ರ ಸರಾಸರಿಯಲ್ಲಿ ಓಡಿಸಿದ್ರೆ ಬರೀ 200 ಗಂಟೆ. ಬಿಲ್ಲಲ್ಲಿ ಎರಡೂ ಒಂದೇ. ಆಯಿಲ್‌ಗೆ ಮಾತ್ರ ಎರಡೂವರೆ ಪಟ್ಟು ಕೆಲಸ.

ದೊಡ್ಡಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಿದ್ರು. ‘ಐನೂರು ಗಂಟೆನಾ? ನಾನು ಟ್ರ್ಯಾಕ್ಟರ್‌ಗೆ ಇನ್ನೂರೈವತ್ತಕ್ಕೇ ಆಯಿಲ್ ಇಳಿಸ್ತೀನಲ್ಲಪ್ಪ’ ಅಂದ್ರು. ನನಗೆ ಅರ್ಧ ಗಂಟೆ ಹಿಡಿದ ಲೆಕ್ಕವನ್ನ ಅವರು ಒಂದು ಮಾತಲ್ಲಿ ಮುಗಿಸಿಬಿಟ್ರು.

ನಿಂತಲ್ಲೇ ಓಡೋ ಎಂಜಿನ್‌ಗೆ ಭಾರ ಕಡಿಮೆ, ನಿಜ. ಆದರೆ ಆಯಿಲ್‌ಗೆ ಅದು ವಿಶ್ರಾಂತಿ ಅಲ್ಲ. ಐಡ್ಲಿಂಗ್‌ನಲ್ಲಿ ಆಯಿಲ್ ಒತ್ತಡ ಕಡಿಮೆ, ಡೀಸೆಲ್ ಪೂರ್ತಿ ಚೆನ್ನಾಗಿ ಉರಿಯಲ್ಲ. ಮಸಿ ಆಯಿಲ್‌ಗೆ ಇಳಿಯುತ್ತೆ. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗೋದು ಈ ಮಸಿಯಿಂದಲೇ. ಆ ಕಣಗಳು ಚೈನಿನ ಪಿನ್ ನಡುವೆ ಸೇರಿಕೊಂಡು ಉಪ್ಪುಕಾಗದದ ಥರ ಉಜ್ಜುತ್ತವೆ. ಮೇಲಿಂದ ಟರ್ಬೊ ಬೇರೆ. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗಬಲ್ಲದು, ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲಿಕೊಂಡು. ಅಲ್ಲಿನ ಕಾವು ಎಲ್ಲ ಅದೇ ಆಯಿಲ್ ಹೊರಬೇಕು. ಈ ಎಂಜಿನ್‌ಗೆ ಹಿಡಿಸೋದು ಮೂರು ಲೀಟರಿಗಿಂತ ಸ್ವಲ್ಪ ಹೆಚ್ಚು ಆಯಿಲ್ ಅಷ್ಟೇ. ಚೈನ್, ಟೆನ್ಶನರ್, ಟರ್ಬೊ, ಎಲ್ಲರೂ ಒಂದೇ ಕೊಡದ ನೀರು ಕುಡಿಯೋರು.

ಕಾರಿನ ಮ್ಯಾನುಯಲ್ ತೆಗೆದು ನೋಡಿ. ಹೆಚ್ಚು ಐಡ್ಲಿಂಗ್, ಧೂಳು, ಸಣ್ಣ ಸಣ್ಣ ಟ್ರಿಪ್ ಇರೋ ಗಾಡಿಗಳಿಗೆ ಬೇಗ ಆಯಿಲ್ ಬದಲಿಸಿ ಅಂತ ಬೇರೆ ಟೇಬಲ್ಲೇ ಇರುತ್ತೆ. ನಾವು ಓದೋದು ಮೊದಲನೇ ಟೇಬಲ್ ಮಾತ್ರ. ಬೆಂಗಳೂರಲ್ಲಿ ಔಟರ್ ರಿಂಗ್ ರೋಡಲ್ಲಿ ದಿನಾ ಒಂದೂವರೆ ಗಂಟೆಗೆ 12 ಕಿ.ಮೀ. ಹೋಗೋ ನೀವೂ ಎರಡನೇ ಟೇಬಲ್‌ಗೇ ಸೇರಿದವರು, ಮರೀಬೇಡಿ.

ಮತ್ತೆ ಗ್ಯಾರೇಜಿಗೆ ಬರೋಣ. ಭಾಯ್ ಎರಡು ದಾರಿ ಹೇಳಿದ್ರು. ಬರೀ ಚೈನ್ ಮತ್ತು ಟೆನ್ಶನರ್ ಹಾಕಿದ್ರೆ 11 ಸಾವಿರ. ಪೂರ್ತಿ ಕಿಟ್, ಅಂದ್ರೆ ಚೈನ್, ಟೆನ್ಶನರ್, ಎರಡು ಗೈಡ್, ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್, ಸೀಲು, ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 19 ಸಾವಿರ. ಎರಡು ದಿನ ಗಾಡಿ ನಿಲ್ಲಬೇಕು.

ಮೂರನೇ ದಾರಿಯೂ ಒಂದಿತ್ತು. ಅದನ್ನ ಹೇಳಿದ್ದು ಗ್ಯಾರೇಜಲ್ಲಿ ನಿಂತಿದ್ದ ಇನ್ನೊಬ್ಬ ಡ್ರೈವರ್. ‘ಮುಳಬಾಗಿಲ ಕಡೆ ಹುಡುಗ ಒಬ್ಬ ಗಾಡಿ ಹುಡುಕ್ತವ್ನೆ. ಮಧ್ಯಾಹ್ನ ಎಂಜಿನ್ ಬಿಸಿ ಮಾಡಿ ತೋರಿಸು. ಶಬ್ದ ಎಲ್ಲಿ ಬರ್ತದೆ? ಕೈ ತೊಳ್ಕೊ’. ಹೇಳೋಕೆ ಸುಲಭ, ಮಾಡೋಕೂ ಸುಲಭ. ಆ ಹುಡುಗನೂ ಸಾಲ ಮಾಡಿ ಟ್ಯಾಕ್ಸಿಗೆ ಅಂತಲೇ ತಗೊಳ್ಳೋನು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅವನೂ ಸ್ಟೇರಿಂಗ್ ಹಿಡಿದು ಅನ್ನ ತಿನ್ನೋನೇ ಅಲ್ವೇನಪ್ಪ. ನಾಳೆ ಹೈವೇಲಿ ಚೈನ್ ಕಡಿದ್ರೆ?’ ಅಂದ. ಭಾಯ್ ಕಡೆ ತಿರುಗಿ, ‘ಪೂರ್ತಿ ಕಿಟ್ಟೇ ಹಾಕು ಭಾಯ್. ದುಡ್ಡು ಎರಡು ಕಂತಲ್ಲಿ ಕೊಡ್ತೀನಿ’ ಅಂದ. ಭಾಯ್ ತಲೆ ಆಡಿಸಿದ್ರು.

ಬಿಚ್ಚೋದನ್ನ ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಂಜಿನ್ ಇಳಿಸಲಿಲ್ಲ. ಮುಂದಿನ ಬಲ ಚಕ್ರ ತೆಗೆದು, ಎಂಜಿನ್ ಕೆಳಗೆ ಜಾಕ್ ಕೊಟ್ಟು, ಆ ಕಡೆಯ ಮೌಂಟ್ ಬಿಚ್ಚಿದ್ರು. ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಆಯಿಲ್ ಸಂಪು, ಕೊನೆಗೆ ಟೈಮಿಂಗ್ ಕವರ್. ಕವರ್ ತೆಗೆಯೋ ಮೊದಲೇ ಒಂದು ಮುಖ್ಯ ಕೆಲಸ: ಕ್ರ್ಯಾಂಕನ್ನೂ ಕ್ಯಾಮನ್ನೂ ಲಾಕಿಂಗ್ ಪಿನ್ ಹಾಕಿ ಅಲ್ಲಾಡದ ಹಾಗೆ ನಿಲ್ಲಿಸೋದು. ತಾಳ ತಪ್ಪದೇ ಇರೋಕೆ ಅದೇ ಆಧಾರ. ‘ಪೇಂಟಲ್ಲಿ ಗುರುತು ಹಾಕ್ಕೊಂಡು ಮಾಡ್ತೀನಿ, ಟೂಲ್ ಬೇಡ’ ಅನ್ನೋರ ಕೈಗೆ ಮಾತ್ರ ಗಾಡಿ ಕೊಡಬೇಡಿ.

ಒಳಗೆ ನೋಡಿದ್ರೆ ಗೈಡ್‌ನ ಪ್ಲಾಸ್ಟಿಕ್ ಮೇಲೆ ಎರಡು ಆಳವಾದ ಗೀರು, ಎತ್ತಿನ ಗಾಡಿ ಓಡಿದ ದಾರಿಯ ಥರ. ಟೆನ್ಶನರ್ ಹೊರಗೆ ಚಾಚಿಕೊಂಡು ಕೊನೆ ಮುಟ್ಟೋಕೆ ಬಂದಿತ್ತು. ಭಾಯ್ ಹಳೇ ಚೈನ್, ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ತಗಲಿಸಿದ್ರು. ಹಳೇದು ಕಣ್ಣಿಗೆ ಕಾಣೋ ಅಷ್ಟು ಕೆಳಗೆ ಇಳೀತು. ಆಮೇಲೆ ಎರಡನ್ನೂ ಅಡ್ಡಡ್ಡ ಹಿಡಿದು ತೋರಿಸಿದ್ರು. ಹೊಸದು ನೆಟ್ಟಗೆ ನಿಂತಿತು, ಹಳೇದು ಜೋತು ಬಿತ್ತು. ‘ಈಗ ಗೊತ್ತಾಯ್ತಾ ಅಣ್ಣ, ಯಾಕೆ ಪೂರ್ತಿ ಕಿಟ್ ಅಂದೆ ಅಂತ?’ ಅಂದ್ರು. ಹಳೇ ಸ್ಪ್ರಾಕೆಟ್‌ನ ಹಲ್ಲುಗಳು ಹಳೇ ಚೈನಿಗೆ ಒಗ್ಗಿಕೊಂಡು ಚೂಪಾಗಿರ್ತವೆ. ಅದರ ಮೇಲೆ ಹೊಸ ಚೈನ್ ಹಾಕಿದ್ರೆ ಹೊಸದೂ ಬೇಗ ಸವೆಯುತ್ತೆ. ಎಂಟು ಸಾವಿರ ಉಳಿಸೋಕೆ ಹೋದ್ರೆ ಇದೇ ಕೂಲಿ ಇನ್ನೊಂದು ಸಲ ಕೊಡಬೇಕು.

ಸಂಪ್ ಬಿಚ್ಚಿದ್ದಕ್ಕೆ ಇನ್ನೊಂದು ಲಾಭ ಆಯ್ತು. ಆಯಿಲ್ ಹೀರಿಕೊಳ್ಳೋ ಜಾಲರಿಗೆ ಕಪ್ಪು ಗಸಿ ಮೆತ್ತಿಕೊಂಡಿತ್ತು, ನಡುವೆ ಗೈಡಿನ ಪ್ಲಾಸ್ಟಿಕ್ ಚೂರುಗಳು. ಅದು ಕಟ್ಟಿಕೊಂಡಿದ್ರೆ ಮೊದಲು ಸಾಯ್ತಿದ್ದದ್ದು ಟರ್ಬೊ. ಚೈನ್ ಕೆಲಸ ಮಾಡಿಸೋವಾಗ ಜಾಲರಿ ತೊಳೆಸೋದನ್ನ ಬಾಯಿಬಿಟ್ಟು ಕೇಳಿ ಮಾಡಿಸಿ.

ಜೋಡಿಸಿದ ಮೇಲೆ ಭಾಯ್ ಪಿನ್‌ಗಳನ್ನ ತೆಗೆದು, ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕನ್ನ ಪೂರ್ತಿ ಎರಡು ಸುತ್ತು ತಿರುಗಿಸಿದ್ರು. ಎಲ್ಲೂ ತಡೆ ಇಲ್ಲ. ಮತ್ತೆ ಪಿನ್ ಹಾಕಿದ್ರು, ಸಲೀಸಾಗಿ ಕೂತವು. ಅಂದ್ರೆ ತಾಳ ಸರಿ. ಆಮೇಲೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಟ್ಟು ಕೆಲವು ಸೆಕೆಂಡ್ ಸ್ಟಾರ್ಟರ್ ಮಾತ್ರ ಓಡಿಸಿದ್ರು, ಟೆನ್ಶನರ್‌ಗೂ ಟರ್ಬೊಗೂ ಆಯಿಲ್ ತಲುಪಲಿ ಅಂತ. ನಾವು ಕೋಡ್ ಬರೆದು ಟೆಸ್ಟ್ ಮಾಡದೇ ಪ್ರೊಡಕ್ಷನ್‌ಗೆ ಬಿಡಲ್ಲ ಅಲ್ವಾ, ಹಾಗೇ.

ಈಗ ನಿಮ್ಮ ಗಾಡಿ ವಿಷಯ. ಮೊದಲು ನಿಮ್ಮ ಎಂಜಿನ್‌ನಲ್ಲಿ ಇರೋದು ಚೈನೋ ಬೆಲ್ಟೋ ತಿಳ್ಕೊಳ್ಳಿ. ಹ್ಯುಂಡೈ 1.0 ಲೀಟರ್ ಟರ್ಬೊ ಪೆಟ್ರೋಲ್, ಮಾರುತಿಯ ಬೂಸ್ಟರ್‌ಜೆಟ್, ಇವೆರಡರಲ್ಲೂ ಚೈನ್. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐನಲ್ಲಿ ಬೆಲ್ಟ್. ಬೆಲ್ಟ್‌ಗೆ ಕಂಪನಿ ಹೇಳಿದ ಅವಧಿ ಇರುತ್ತೆ, ಬದಲಿಸಿಬಿಡಬೇಕು. ಚೈನಿಗೆ ಸಾಮಾನ್ಯವಾಗಿ ಅಂಥ ಅವಧಿ ಬರೆದಿರಲ್ಲ. ಅದರ ಆಯುಸ್ಸು ಆಯಿಲ್ ಮೇಲೆ ನಿಂತಿದೆ.

ದುಬಾರಿ ಗಾಡಿ ಅಂದ ಮಾತ್ರಕ್ಕೆ ಇದರಿಂದ ಪಾರಾಗಲ್ಲ. ಬಿಎಂಡಬ್ಲ್ಯುನ ಎನ್47 ಡೀಸೆಲ್ ಎಂಜಿನ್ ಚೈನ್ ತೊಂದರೆಗೆ ಲೋಕಪ್ರಸಿದ್ಧ. ಅದರಲ್ಲಿ ಚೈನ್ ಇರೋದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆ. ಕೈ ಹಾಕೋದೇ ಕಷ್ಟ, ಕೂಲಿಯೂ ಜಾಸ್ತಿ.

ಟರ್ಬೊ ಪೆಟ್ರೋಲ್ ಇರೋರು ಆಯಿಲ್ ಡಬ್ಬದ ಹಿಂದೆ ‘ಎಪಿಐ ಎಸ್‌ಪಿ’ ಅಂತ ಇದೆಯಾ ನೋಡಿ. 2020ರ ಮೇನಲ್ಲಿ ಬಂದ ಈ ದರ್ಜೆಯಲ್ಲಿ ಟೈಮಿಂಗ್ ಚೈನ್ ಸವೆತಕ್ಕೇ ಪ್ರತ್ಯೇಕ ಪರೀಕ್ಷೆ ಇದೆ. ಅಂದ್ರೆ ಪೆಟ್ರೋಲ್ ಗಾಡಿಯ ಚೈನೂ ಸವೆಯುತ್ತೆ ಅಂತ ಆಯಿಲ್ ದರ್ಜೆ ಮಾಡೋರೇ ಒಪ್ಪಿಕೊಂಡ ಹಾಗೆ. ಗ್ರೇಡ್ ಮಾತ್ರ ನಿಮ್ಮ ಮ್ಯಾನುಯಲ್ ಹೇಳಿದ್ದೇ ಇರಲಿ.

ಗಂಟೆ ಲೆಕ್ಕ ಹಾಕೋದು ಕಷ್ಟ ಏನಲ್ಲ. ಡ್ಯಾಶ್‌ಬೋರ್ಡಲ್ಲಿ ಸರಾಸರಿ ವೇಗ ತೋರಿಸೋ ಗಾಡಿಯಾದ್ರೆ, ಸರ್ವಿಸ್ ದಿನ ಅದನ್ನ ರೀಸೆಟ್ ಮಾಡಿ. ಓಡಿದ ಕಿ.ಮೀ.ಯನ್ನ ಸರಾಸರಿ ವೇಗದಿಂದ ಭಾಗಿಸಿದ್ರೆ ಗಂಟೆ ಸಿಗುತ್ತೆ. ಸರಾಸರಿ 18 ಇದ್ರೆ 5000 ಕಿ.ಮೀ.ಗೇ ಸುಮಾರು 278 ಗಂಟೆ. ನಮ್ಮ ದೊಡ್ಡಪ್ಪನ ಲೆಕ್ಕದಲ್ಲಿ ಆಯಿಲ್ ಇಳಿಸೋ ಹೊತ್ತು ಮೀರಿತು. ಅಣ್ಣ ಈಗ ಕಿ.ಮೀ. ನೋಡಲ್ಲ, ಐವತ್ತು ದಿನಕ್ಕೊಂದು ಸಲ ಆಯಿಲ್ ಬದಲಿಸ್ತಾನೆ. ಗೇಟ್ ಹತ್ರ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯೋದಿದ್ರೆ ಎಂಜಿನ್ ಆಫ್. ವರ್ಷಕ್ಕೆ ಮೂರು ನಾಲ್ಕು ಆಯಿಲ್ ಹೆಚ್ಚಾಗುತ್ತೆ, ಉಳಿಯೋ ಡೀಸೆಲ್‌ನಲ್ಲಿ ಒಂದಿಷ್ಟು ಅಲ್ಲೇ ಹೊಂದುತ್ತೆ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗೋರಿಗೆ ಒಂದೇ ಮಾತು. ಬೆಳಿಗ್ಗೆ ಆರೂವರೆಗೆ ಹೋಗಿ. ‘ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿಡಿ. ಮೊದಲು ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಾನೆಟ್ ಎತ್ತಿ, ಟೈಮಿಂಗ್ ಕವರ್ ಕಡೆ ನೀವು ನಿಂತು, ಸ್ಟಾರ್ಟ್ ಮಾಡೋಕೆ ಅವರಿಗೆ ಹೇಳಿ. ಮೊದಲ ಎರಡು ಸೆಕೆಂಡ್ ಯಾರೂ ಮಾತಾಡಬಾರದು. ಗಾಡಿ ಆಗಲೇ ಬಿಸಿಯಾಗಿದ್ರೆ ಜಗಳ ಬೇಡ, ನಾಳೆ ಬರ್ತೀನಿ ಅಂತ ಹೇಳಿ ಬನ್ನಿ. ಎಲ್ಲರೂ ನಮ್ಮಣ್ಣನ ಥರ ಯೋಚನೆ ಮಾಡ್ತಾರೆ ಅಂತ ನಂಬೋಕಾಗಲ್ಲ.